ಗಂಡನ ಸಂಬಳ, ಭಾವನ ಸಹಿ, ಅಂಗಡಿಯ ಎರಡು ತಿಂಗಳು: ಮದುವೆ ಮೇಲಿನ ಗ್ರೀನ್ ಕಾರ್ಡ್ ಬಗ್ಗೆ ಒಂದು ಉತ್ತರ

ಪ್ರಶ್ನೆ: ನಾನು ಮೈಸೂರಿನವಳು. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಮೂರು ವರ್ಷ ಕೆಲಸ ಮಾಡಿ, ಎಂ.ಎಸ್. ಓದಲು ಎಫ್-1 ವೀಸಾದಲ್ಲಿ ಅಮೆರಿಕಕ್ಕೆ ಬಂದೆ. ಹೊರಡುವ ಮೊದಲು ಏಳು ತಿಂಗಳು ಕೆಲಸವಿಲ್ಲದೆ ಮನೆಯಲ್ಲಿದ್ದೆ. ಓದು ಮುಗಿದು ಒಂದು ವರ್ಷದ ಓಪಿಟಿಯೂ (ಓದಿನ ನಂತರ ಇಲ್ಲಿ ದುಡಿಯಲು ಸಿಗುವ ಅನುಮತಿ) ಮುಗಿಯಿತು, ವಿಸ್ತರಣೆ ಸಿಗಲಿಲ್ಲ. ಈಚೆಗೆ ಮದುವೆಯಾಯಿತು, ಈಗ ಗಂಡನ ಮೂಲಕ ಗ್ರೀನ್ ಕಾರ್ಡ್‌ಗೆ (ಇಲ್ಲಿ ಕಾಯಂ ಆಗಿ ಇರುವ ಅನುಮತಿ) ಅರ್ಜಿ ಹಾಕಬೇಕು. ನನ್ನವರೂ ಭಾವನೂ ಹುಟ್ಟಿದ್ದು ಅಮೆರಿಕದಲ್ಲೇ, ಮಾವ ಇಲ್ಲಿ ಓದುತ್ತಿದ್ದಾಗ. ಹಾಗಾಗಿ ಇಬ್ಬರೂ ಇಲ್ಲಿನ ಪ್ರಜೆಗಳು. ಕಳೆದ ವರ್ಷ ನನ್ನವರ ಕೆಲಸ ಹೋಗಿತ್ತು. ಆ ವರ್ಷದ ಟ್ಯಾಕ್ಸ್ ರಿಟರ್ನ್‌ನಲ್ಲಿ ಆದಾಯ 20,000 ಡಾಲರ್ ಮಾತ್ರ ಇದೆ. ಈಗ ನಾಲ್ಕು ತಿಂಗಳಿಂದ ಹೊಸ ಕೆಲಸ, ವರ್ಷಕ್ಕೆ 52,000. ಭಾವ ಜಾಯಿಂಟ್ ಸ್ಪಾನ್ಸರ್ ಆಗುತ್ತೇನೆ, ಅಂದರೆ ನನ್ನ ಹೊಣೆಗೆ ಗಂಡನ ಜೊತೆ ತಾವೂ ಸಹಿ ಹಾಕುತ್ತೇನೆ ಅಂದಿದ್ದಾರೆ, ಓರಗಿತ್ತಿಗೆ ಮಾತ್ರ ತುಂಬಾ ಭಯ. ಊರಿನಿಂದ ಅಪ್ಪ ತಮ್ಮ ಸೈಟಿನ ಪತ್ರ ಕಳಿಸುತ್ತೇನೆ ಅನ್ನುತ್ತಿದ್ದಾರೆ. ಇನ್ನೊಂದು ವಿಷಯ ಯಾರಿಗೂ ಹೇಳಿಲ್ಲ. ಓಪಿಟಿ ಮುಗಿದ ಮೇಲೆ ಎರಡು ತಿಂಗಳು ಪರಿಚಯದವರ ದಿನಸಿ ಅಂಗಡಿಯಲ್ಲಿ ಬಿಲ್ಲಿಂಗ್ ಮಾಡಿದೆ, ಕೈಗೆ ನಗದು ಕೊಟ್ಟರು. ಗೆಳತಿಯೊಬ್ಬಳು ಅದನ್ನು ಅರ್ಜಿಯಲ್ಲಿ ಬರೆಯಲೇಬೇಡ ಅನ್ನುತ್ತಾಳೆ. ಏನು ಮಾಡಲಿ?

ಉತ್ತರ:

ನಿಮ್ಮ ಪತ್ರದಲ್ಲಿ ಹಣದ ಬಗ್ಗೆ ನಾಲ್ಕು ಸಾಲಿದೆ, ಅಂಗಡಿಯ ಬಗ್ಗೆ ಎರಡೇ ಸಾಲು. ನಿದ್ದೆ ಕೆಡಿಸಿರುವುದು ಕೊನೆಯ ಆ ಎರಡು ಸಾಲು ಅಂತ ಓದಿದ ಕೂಡಲೇ ಗೊತ್ತಾಯಿತು. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಅಂಗಡಿಯ ಕೆಲಸವನ್ನು ಬರೆಯಿರಿ. ಈ ಅರ್ಜಿಯಲ್ಲಿ ಹಣ ಕಡಿಮೆ ಬಿದ್ದರೆ ಸರಿಮಾಡಲು ಮೂರು ನಾಲ್ಕು ದಾರಿಗಳಿವೆ. ಕೆಲಸ ಮುಚ್ಚಿಟ್ಟು ಸಿಕ್ಕಿಬಿದ್ದರೆ ದಾರಿ ತುಂಬಾ ಕಿರಿದಾಗುತ್ತದೆ. ಅದು ಹೇಗೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಹಣದ ಲೆಕ್ಕ ಮುಗಿಸೋಣ, ಅದು ನೀವು ಅಂದುಕೊಂಡಷ್ಟು ಕಷ್ಟದ್ದಲ್ಲ.

ನಿಮ್ಮವರು ತುಂಬಬೇಕಾದ ಫಾರ್ಮ್ ಐ-864, ಅಂದರೆ ಅಫಿಡವಿಟ್ ಆಫ್ ಸಪೋರ್ಟ್. "ನನ್ನ ಹೆಂಡತಿ ಸರ್ಕಾರದ ಬಡವರ ನೆರವಿಗೆ ಕೈಚಾಚದಂತೆ ನಾನು ನೋಡಿಕೊಳ್ಳುತ್ತೇನೆ" ಅಂತ ಅವರು ಸರ್ಕಾರಕ್ಕೆ ಬರೆದುಕೊಡುವ ಕರಾರು ಅದು. ಅವರ ಆದಾಯ ಬಡತನ ಮಿತಿಯ ಶೇ. 125ರಷ್ಟಾದರೂ ಇರಬೇಕು. ಬಡತನ ಮಿತಿಯನ್ನು ಸರ್ಕಾರ ಪ್ರತಿ ವರ್ಷದ ಆರಂಭದಲ್ಲಿ ಹೊಸದಾಗಿ ಪ್ರಕಟಿಸುತ್ತದೆ. 2025ರ ಪಟ್ಟಿಯಂತೆ ಇಬ್ಬರ ಮನೆಗೆ ಮಿತಿ 21,150 ಡಾಲರ್ ಇತ್ತು. ಅದರ ಶೇ. 125 ಅಂದರೆ 26,437 ಡಾಲರ್. ಅಲಾಸ್ಕಾ, ಹವಾಯಿಯಲ್ಲಿ ಇದು ಜಾಸ್ತಿ. ನೀವು ಅರ್ಜಿ ಹಾಕುವ ದಿನ ಯಾವ ಪಟ್ಟಿ ಜಾರಿಯಲ್ಲಿದೆ ಅಂತ ಐ-864ಪಿ ಅನ್ನುವ ಫಾರ್ಮ್‌ನಲ್ಲಿ ನೋಡಿಕೊಳ್ಳಿ.

ಈಗ ನಿಮ್ಮ ಗಾಬರಿಗೆ ಬರೋಣ. ರಿಟರ್ನ್‌ನಲ್ಲಿ 20,000, 2025ರ ಪಟ್ಟಿಯಂತೆ ಬೇಕಾಗಿರುವುದು 26,437. ಇಲ್ಲಿಗೇ ಕಥೆ ಮುಗಿಯಿತು ಅಂತ ಬಹಳ ಜನ ಕೈಚೆಲ್ಲುತ್ತಾರೆ. ಆದರೆ ಫಾರ್ಮ್ ಕೇಳುವುದು ಎರಡು ಬೇರೆ ಬೇರೆ ಅಂಕಿಗಳನ್ನು. ಒಂದು, ಹಿಂದಿನ ವರ್ಷಗಳ ರಿಟರ್ನ್‌ನಲ್ಲಿದ್ದ ಒಟ್ಟು ಆದಾಯ. ಇನ್ನೊಂದು, ಸದ್ಯದ ವಾರ್ಷಿಕ ಆದಾಯ. ತೀರ್ಮಾನ ಆಗುವುದು ಮುಖ್ಯವಾಗಿ ಎರಡನೆಯದರ ಮೇಲೆ, ಅಂದರೆ ಅರ್ಜಿ ಹಾಕುವ ವರ್ಷದಲ್ಲಿ ನಿಮ್ಮವರ ಕೈಗೆ ಎಷ್ಟು ಬರುತ್ತದೆ ಅನ್ನುವುದರ ಮೇಲೆ. 52,000 ಸಂಬಳ ಅಂದರೆ ಬೇಕಾದ್ದಕ್ಕಿಂತ ಸುಮಾರು ಎರಡು ಪಟ್ಟು ಇದೆ ಅಲ್ವಾ!

ಹಾಗಂತ ಹಳೆಯ ರಿಟರ್ನ್‌ಗೆ ಬೆಲೆಯಿಲ್ಲ ಅಂತಲ್ಲ. ಅಧಿಕಾರಿ ಎರಡನ್ನೂ ಪಕ್ಕಪಕ್ಕ ಇಟ್ಟು, ಈ ಕೆಲಸ ಉಳಿಯುತ್ತದಾ ಅಂತ ನೋಡುತ್ತಾರೆ. ಆ ಅನುಮಾನಕ್ಕೆ ಕಾಗದದಲ್ಲೇ ಉತ್ತರ ಇರಬೇಕು. ಕಂಪನಿಯಿಂದ ಒಂದು ಪತ್ರ ತೆಗೆಸಿ. ಸೇರಿದ ದಿನ, ಹುದ್ದೆ, ವರ್ಷದ ಸಂಬಳ, ಫುಲ್ ಟೈಮ್ ಮತ್ತು ಕಾಯಂ ಕೆಲಸ ಅನ್ನುವುದು ಅದರಲ್ಲಿ ಸ್ಪಷ್ಟವಾಗಿರಲಿ. ಸೇರಿದಂದಿನಿಂದ ಇವತ್ತಿನವರೆಗಿನ ಎಲ್ಲ ಪೇ ಸ್ಲಿಪ್ ಜೊತೆಗಿಡಿ. ಕಳೆದ ವರ್ಷ ಆದಾಯ ಯಾಕೆ ಇಳಿಯಿತು ಅಂತ ನಾಲ್ಕು ಸಾಲು ಬರೆದು, ಕೆಲಸದಿಂದ ತೆಗೆದ ಪತ್ರವಿದ್ದರೆ ಲಗತ್ತಿಸಿ. ಅದಕ್ಕೆ ಹಿಂದಿನ ಎರಡು ವರ್ಷ ಸಂಬಳ ಚೆನ್ನಾಗಿತ್ತು ಅಂತಾದರೆ ಆ ರಿಟರ್ನ್‌ಗಳನ್ನೂ ಕೊಡಿ. ಕಡ್ಡಾಯ ಇರುವುದು ಒಂದೇ ವರ್ಷದ್ದು, ಮೂರು ವರ್ಷದ್ದು ಕೊಡುವುದು ನಮ್ಮ ಇಷ್ಟ. ನಿಮ್ಮಂಥವರು ಕೊಡುವುದೇ ಒಳ್ಳೆಯದು. ಒಂದು ವರ್ಷ ಮಾತ್ರ ಗುಂಡಿ, ಉಳಿದದ್ದು ಸಮತಟ್ಟು ಅಂತ ಕಾಣಿಸಬೇಕು.

ರಿಟರ್ನ್ ಪ್ರತಿಯ ಬದಲು ಐಆರ್‌ಎಸ್‌ನಿಂದ, ಅಂದರೆ ಇಲ್ಲಿನ ತೆರಿಗೆ ಇಲಾಖೆಯಿಂದ, ಟ್ರಾನ್ಸ್‌ಕ್ರಿಪ್ಟ್ (ಇಲಾಖೆಯ ದಾಖಲೆಯಲ್ಲಿರುವ ರಿಟರ್ನ್‌ನ ಸಾರ) ತೆಗೆದು ಕೊಡಿ. ಅದು ಉಚಿತ. ನಾವೇ ಪ್ರಿಂಟ್ ತೆಗೆದ ರಿಟರ್ನ್ ನಿಜವಾಗಿ ಸಲ್ಲಿಕೆಯಾಗಿತ್ತಾ ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ನಿಮ್ಮವರು ಕೆಲಸ ಹೋದಾಗ ನಿರುದ್ಯೋಗ ಭತ್ಯೆ ತೆಗೆದುಕೊಂಡಿದ್ದರೆ ಅದಕ್ಕೂ ಹೆದರಬೇಡಿ. ಅದು ದುಡಿದವರಿಗೆ ಸಿಗುವ ವಿಮೆ, ಬಡವರ ನೆರವಲ್ಲ. ತೆರಿಗೆ ಬೀಳುವ ಆದಾಯ ಅದು, ರಿಟರ್ನ್‌ನ ಒಟ್ಟು ಆದಾಯದಲ್ಲೇ ಸೇರಿರುತ್ತದೆ.

ಇಷ್ಟೆಲ್ಲ ಇದ್ದ ಮೇಲೆ ಭಾವ ಬೇಕಾ? ನನ್ನ ಅಭಿಪ್ರಾಯದಲ್ಲಿ ಮೊದಲ ದಿನವೇ ಬೇಡ. "ಇರಲಿ, ಗಟ್ಟಿಯಾಗುತ್ತೆ" ಅಂತ ಕೆಲವು ವಕೀಲರು ಜಾಯಿಂಟ್ ಸ್ಪಾನ್ಸರನ್ನು ಮೊದಲೇ ಸೇರಿಸುತ್ತಾರೆ. ಅದು ತಪ್ಪೇನಲ್ಲ. ಆದರೆ ಆ ಸಹಿಯ ಭಾರ ಸಣ್ಣದಲ್ಲ, ಬೇಡದಿದ್ದಾಗ ಇನ್ನೊಬ್ಬರ ಹೆಗಲಿಗೆ ಯಾಕೆ ಹೊರಿಸಬೇಕು? ನಿಮ್ಮವರ ಆದಾಯದ ಮೇಲೇ ಹಾಕಿ. ಭಾವನ ಕಾಗದಗಳನ್ನು ಸಿದ್ಧಮಾಡಿ ಬೀರುವಿನಲ್ಲಿಡಿ. ಆದಾಯ ಸಾಲದು ಅಂತ ಅಧಿಕಾರಿಗೆ ಅನ್ನಿಸಿದರೆ ಸಾಮಾನ್ಯವಾಗಿ ಹೆಚ್ಚಿನ ದಾಖಲೆ ಕೇಳಿ ನೋಟಿಸ್ ಬರುತ್ತದೆ. ಅದರಲ್ಲಿ ಗಡುವು ಇರುತ್ತದೆ. ಆಗ ಭಾವನ ಐ-864 ಕಳಿಸಬಹುದು. ನಿಮ್ಮ ವಕೀಲರು ಮೊದಲೇ ಸೇರಿಸೋಣ ಅಂದರೆ ಕಾರಣ ಕೇಳಿ. ಕಾರಣ ಸರಿಯಾಗಿದ್ದರೆ ಒಪ್ಪಿಕೊಳ್ಳಿ.

ಓರಗಿತ್ತಿಯ ಭಯದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಅವರು ಸುಮ್ನೆ ಹೆದರುತ್ತಿಲ್ಲ. ಹಿಂದೆ ಈ ಅಫಿಡವಿಟ್ ಬರೀ ನೈತಿಕ ಭರವಸೆ ಆಗಿತ್ತು. ಅದರ ಮೇಲೆ ಹಣ ವಸೂಲಿ ಮಾಡಲಾಗದು ಅಂತ ಕೋರ್ಟುಗಳೇ ಹೇಳಿದ್ದವು. 1996ರ ಕಾನೂನು ಅದನ್ನು ಬದಲಿಸಿತು. 1997ರ ಡಿಸೆಂಬರ್ 19ರಿಂದ ಐ-864 ಅನ್ನುವುದು ಕೋರ್ಟಿನಲ್ಲಿ ನಿಲ್ಲುವ ಕರಾರು. ನೀವು ಗ್ರೀನ್ ಕಾರ್ಡ್ ಪಡೆದ ಮೇಲೆ ಆದಾಯ ನೋಡಿ ಕೊಡುವ ಸರ್ಕಾರಿ ನೆರವು ತೆಗೆದುಕೊಂಡರೆ, ಅಂದರೆ ಫುಡ್ ಸ್ಟ್ಯಾಂಪ್, ಮೆಡಿಕೈಡ್, ಎಸ್‌ಎಸ್‌ಐ ಥರದ್ದು, ಕೊಟ್ಟ ಸಂಸ್ಥೆ ಆ ಹಣವನ್ನು ಭಾವನಿಂದ ಕೇಳಬಹುದು. ನಿಮಗೇ ಆದಾಯವಿಲ್ಲದೆ ಹೋದರೆ, ಬಡತನ ಮಿತಿಯ ಶೇ. 125ರಷ್ಟು ಕೊಡಿ ಅಂತ ನೀವೇ ಅವರ ಮೇಲೆ ಕೇಸು ಹಾಕಲೂಬಹುದು. ಜಾಯಿಂಟ್ ಸ್ಪಾನ್ಸರ್‌ಗೆ ನಿಮ್ಮವರಷ್ಟೇ ಪೂರ್ಣ ಹೊಣೆ. ಅರ್ಧ ಇವರದು, ಅರ್ಧ ಅವರದು ಅಂತ ಪಾಲಿಲ್ಲ.

ಅತಿ ಮುಖ್ಯವಾದದ್ದು ಇದು: ವಿಚ್ಛೇದನ ಆದರೂ ಹೊಣೆ ಮುಗಿಯುವುದಿಲ್ಲ. ಮನೆಯಲ್ಲಿ ಹೊಸ ಮದುವೆಯ ಸಂಭ್ರಮ ಇರುವಾಗ ಈ ಮಾತು ಕೇಳಲು ಕಷ್ಟ, ನನಗೆ ಗೊತ್ತು. ಆದರೂ ಸಹಿ ಹಾಕುವವರಿಗೆ ಇದು ಮೊದಲೇ ಗೊತ್ತಿರಬೇಕು. ಗ್ರೀನ್ ಕಾರ್ಡ್ ಕೈಸೇರುವ ಮುನ್ನ ಸಹಿ ಹಿಂದೆ ತೆಗೆದುಕೊಳ್ಳಬಹುದು. ಆಮೇಲೆ ಆಗುವುದಿಲ್ಲ.

ಹೊಣೆ ಮುಗಿಯುವುದು ಯಾವಾಗ? ನೀವು ಅಮೆರಿಕದ ಪ್ರಜೆಯಾದಾಗ. ಇಲ್ಲವೇ ನಿಮ್ಮ ಲೆಕ್ಕಕ್ಕೆ ದುಡಿಮೆಯ 40 ಕ್ವಾರ್ಟರ್ ಸೇರಿದಾಗ. ವರ್ಷಕ್ಕೆ ನಾಲ್ಕಕ್ಕಿಂತ ಜಾಸ್ತಿ ಸೇರುವುದಿಲ್ಲ, ಹಾಗಾಗಿ ಒಬ್ಬರೇ ದುಡಿದರೆ ಹತ್ತು ವರ್ಷ. ಮದುವೆಯಾದ ಮೇಲೆ ಗಂಡ ದುಡಿದ ಕ್ವಾರ್ಟರ್‌ಗಳೂ ನಿಮ್ಮ ಲೆಕ್ಕಕ್ಕೆ ಬರಬಹುದು. ನೀವು ಗ್ರೀನ್ ಕಾರ್ಡ್ ಬಿಟ್ಟು ದೇಶದಿಂದ ಹೊರಟುಹೋದರೂ ಮುಗಿಯುತ್ತದೆ. ಇಬ್ಬರಲ್ಲಿ ಯಾರಾದರೂ ತೀರಿಕೊಂಡರೂ ಅಷ್ಟೇ.

ಇವುಗಳಲ್ಲಿ ಮೊದಲನೆಯದೇ ಓರಗಿತ್ತಿಗೆ ಸಮಾಧಾನ ಕೊಡಬೇಕಾದದ್ದು. ಪ್ರಜೆಯಾದ ಗಂಡನ ಜೊತೆ ಸಂಸಾರ ಮಾಡಿಕೊಂಡಿರುವವರು ಗ್ರೀನ್ ಕಾರ್ಡ್ ಸಿಕ್ಕ ಮೂರು ವರ್ಷಕ್ಕೆ ಪೌರತ್ವಕ್ಕೆ ಅರ್ಹರು. ಎಂ.ಎಸ್. ಮಾಡಿ ದುಡಿಯುವ ಹುಡುಗಿಗೆ ಹಾಕುವ ಸಹಿಯ ಭಾರ ಹೆಚ್ಚಿನ ಮನೆಗಳಲ್ಲಿ ಮೂರ್ನಾಲ್ಕು ವರ್ಷದಲ್ಲಿ ಇಳಿದುಹೋಗುತ್ತದೆ. ಇದು ಬ್ಯಾಂಕ್ ಸಾಲಕ್ಕೆ ಜಾಮೀನು ನಿಂತಂತೆಯೂ ಅಲ್ಲ. ನೀವು ಮಾಡಿದ ಕ್ರೆಡಿಟ್ ಕಾರ್ಡ್ ಸಾಲ ಅವರ ತಲೆಗೆ ಬರುವುದಿಲ್ಲ, ಅವರ ಕ್ರೆಡಿಟ್ ಸ್ಕೋರ್ ಕೂಡ ಇಳಿಯುವುದಿಲ್ಲ. ಒಂದು ಸಣ್ಣ ಕೆಲಸ ಮಾತ್ರ ನೆನಪಿಟ್ಟುಕೊಳ್ಳಬೇಕು. ಹೊಣೆ ಇರುವಷ್ಟು ಕಾಲ ಮನೆ ಬದಲಿಸಿದರೆ 30 ದಿನದೊಳಗೆ ಐ-865 ಅನ್ನುವ ಫಾರ್ಮ್‌ನಲ್ಲಿ ತಿಳಿಸಬೇಕು. ತಿಳಿಸದಿದ್ದರೆ 250 ಡಾಲರ್‌ನಿಂದ ದಂಡ ಶುರು.

ಭಾವನ ಆದಾಯದ ಲೆಕ್ಕದಲ್ಲಿ ನಮ್ಮವರು ಜಾಸ್ತಿ ಎಡವುವ ಒಂದು ಜಾಗವಿದೆ. ಅತ್ತೆ ಮಾವನಿಗೆ ಗ್ರೀನ್ ಕಾರ್ಡ್ ಇದ್ದರೆ ಅದನ್ನು ಮಾಡಿಸಿದವರು ಯಾರು? ಅವರಿಗೂ ಭಾವನೇ ಐ-864 ಸಹಿ ಹಾಕಿದ್ದರೆ, ಆ ಕರಾರು ಜಾರಿಯಲ್ಲಿರುವವರೆಗೆ ಅವರಿಬ್ಬರೂ ಭಾವನ ಮನೆಯ ಲೆಕ್ಕಕ್ಕೇ ಸೇರುತ್ತಾರೆ. ಅವರು ವರ್ಷದ ಎಂಟು ತಿಂಗಳು ಮೈಸೂರಿನಲ್ಲೇ ಇದ್ದರೂ ಸರಿ, ನಿಮ್ಮ ಮನೆಯಲ್ಲೇ ಇದ್ದರೂ ಸರಿ. ಉದಾಹರಣೆಗೆ ಭಾವ, ಓರಗಿತ್ತಿ, ಇಬ್ಬರು ಮಕ್ಕಳು, ಅತ್ತೆ, ಮಾವ, ಕೊನೆಗೆ ನೀವು ಅಂತ ಎಣಿಸಿದರೆ ಏಳು ಜನ. 2025ರ ಪಟ್ಟಿಯಲ್ಲಿ ಏಳು ಜನಕ್ಕೆ ಬೇಕಾಗಿದ್ದದ್ದು 60,812 ಡಾಲರ್. ಇಬ್ಬರಿಗೆ 26,437 ಸಾಕು ಅಂತ ನೋಡಿಕೊಂಡು ಸಹಿ ಹಾಕಿಸಿದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಮಕ್ಕಳೆಷ್ಟು, ಯಾರಿಗೆ ಸಹಿ ಹಾಕಿದ್ದಾರೆ ಅಂತ ನೀವು ಬರೆದಿಲ್ಲ. ಒಮ್ಮೆ ಕೂತು ಎಣಿಸಿ.

ಇನ್ನೊಂದು. ನಿಮ್ಮವರ ಆದಾಯ, ಭಾವನ ಆದಾಯ ಎರಡನ್ನೂ ಕೂಡಿಸಿ ಮಿತಿ ಮುಟ್ಟಿಸಲು ಬರುವುದಿಲ್ಲ. ಜಾಯಿಂಟ್ ಸ್ಪಾನ್ಸರ್ ಒಬ್ಬರೇ ತಮ್ಮ ಮನೆಯ ಲೆಕ್ಕಕ್ಕೆ ಸಾಕಾಗಬೇಕು. ಅವರ ಒಬ್ಬರ ಸಂಬಳ ಸಾಲದೆ ಓರಗಿತ್ತಿಯ ಸಂಬಳವನ್ನೂ ಸೇರಿಸಬೇಕಾದರೆ, ಓರಗಿತ್ತಿಯೂ ಐ-864ಎ ಅನ್ನುವ ಫಾರ್ಮ್‌ಗೆ ಸಹಿ ಹಾಕಬೇಕು. ಆಗ ಹೊಣೆ ಅವರಿಗೂ ಬರುತ್ತದೆ. ಅವರಿಗೆ ಮನಸ್ಸಿಲ್ಲದಿದ್ದರೆ ಬಲವಂತ ಮಾಡಬೇಡಿ. ಜಾಯಿಂಟ್ ಸ್ಪಾನ್ಸರ್ ನೆಂಟರೇ ಆಗಬೇಕು ಅಂತಿಲ್ಲ, ಪ್ರಜೆಯಾದ ಗೆಳೆಯರೂ ಆಗಬಹುದು. ಆದರೆ 18 ವರ್ಷ ದಾಟಿದ, ಅಮೆರಿಕದಲ್ಲೇ ನೆಲೆಸಿದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವವರು ಆಗಿರಲೇಬೇಕು. ಎಷ್ಟೋ ಕನ್ನಡದ ಮನೆಗಳಲ್ಲಿ ಇದೇ ತೊಡಕು. ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲಿರುವ ಅಣ್ಣನಿಗೆ ಎರಡು ಲಕ್ಷ ಡಾಲರ್ ಸಂಬಳ ಇರುತ್ತದೆ, ಆದರೂ ಸಹಿ ಹಾಕುವ ಹಕ್ಕಿರುವುದಿಲ್ಲ.

ಅಪ್ಪನ ಸೈಟಿನ ವಿಷಯ. ಅವರ ಪ್ರೀತಿ ದೊಡ್ಡದು, ಆದರೆ ಆ ಪತ್ರ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಆಸ್ತಿ ತೋರಿಸಬಹುದಾದವರು ಸ್ಪಾನ್ಸರ್, ಅವರ ಮನೆಯವರು, ಮತ್ತು ಗ್ರೀನ್ ಕಾರ್ಡ್ ಪಡೆಯುವ ನೀವು. ಅಪ್ಪನ ಹೆಸರಿನದು ಈ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ನಿಮ್ಮ ಹೆಸರಿನಲ್ಲೇ ಎಫ್.ಡಿ., ಮ್ಯೂಚುವಲ್ ಫಂಡ್ ಅಥವಾ ಸೈಟು ಇದ್ದರೆ ಅದು ಬೇರೆ ಮಾತು. ಪ್ರಜೆಯ ಹೆಂಡತಿಗೆ ನಿಯಮ ಹೀಗಿದೆ: ಆದಾಯ ಎಷ್ಟು ಕಡಿಮೆ ಬೀಳುತ್ತದೋ ಅದರ ಮೂರು ಪಟ್ಟು ಆಸ್ತಿ ಇರಬೇಕು. 20,000 ಮಾತ್ರ ಅಂತ ಹಿಡಿದರೆ ಕೊರತೆ 6,437, ಮೂರು ಪಟ್ಟು ಅಂದರೆ 19,311 ಡಾಲರ್. ಡಾಲರಿಗೆ 85 ರೂಪಾಯಿಯಂತೆ ಲೆಕ್ಕ ಹಾಕಿದರೂ 16 ಲಕ್ಷ ದಾಟುತ್ತದೆ. ಗಂಡನಿಗೆ ಇರುವುದು ಗ್ರೀನ್ ಕಾರ್ಡ್ ಮಾತ್ರ ಅಂತಾಗಿದ್ದರೆ ಐದು ಪಟ್ಟು ಬೇಕಿತ್ತು.

ಆ ಆಸ್ತಿಯನ್ನು ಒಂದು ವರ್ಷದೊಳಗೆ ಹೆಚ್ಚು ನಷ್ಟವಿಲ್ಲದೆ ನಗದು ಮಾಡಲು ಆಗಬೇಕು. ಎಫ್.ಡಿ. ಆದರೆ ಬ್ಯಾಂಕಿನ ಪತ್ರ ಸಾಕು. ಸೈಟ್ ಆದರೆ ಕ್ರಯಪತ್ರ, ಖಾತೆ, ಸಾಲವಿಲ್ಲ ಅಂತ ತೋರಿಸುವ ಇ.ಸಿ., ವ್ಯಾಲ್ಯುಯರ್ ಕೊಟ್ಟ ಬೆಲೆಪಟ್ಟಿ ಎಲ್ಲ ಬೇಕು, ಕನ್ನಡದ ಕಾಗದಗಳಿಗೆ ಇಂಗ್ಲಿಷ್ ಅನುವಾದವೂ ಬೇಕು. ಮಾರಿದ ಹಣ ದೇಶದಿಂದ ಹೊರಗೆ ಬರಬಹುದು ಅಂತಲೂ ತೋರಿಸಬೇಕು. ಅನಿವಾಸಿಗಳು ಭಾರತದ ಬ್ಯಾಂಕಿನಲ್ಲಿರುವ ತಮ್ಮ ಎನ್‌ಆರ್‌ಒ ಖಾತೆಯಿಂದ ಹಣಕಾಸು ವರ್ಷಕ್ಕೆ ಹತ್ತು ಲಕ್ಷ ಡಾಲರ್‌ವರೆಗೆ ಕಳಿಸಬಹುದು, ಆ ಮಟ್ಟಿಗೆ ತೊಂದರೆಯಿಲ್ಲ. ಆದರೆ ನಿಮ್ಮವರ ಸಂಬಳವೇ ಸಾಕಾಗಿರುವಾಗ ಈ ಓಡಾಟ ಯಾಕೆ? ಇದಕ್ಕೋಸ್ಕರ ಅಪ್ಪ ನಿಮ್ಮ ಹೆಸರಿಗೆ ದಾನಪತ್ರ ಮಾಡುವ ಅಗತ್ಯ ಖಂಡಿತ ಇಲ್ಲ. ಅವರಿಗೆ ಫೋನ್ ಮಾಡಿ ಹೇಳಿಬಿಡಿ, ಪಾಪ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಅಲೆಯುವುದಾದರೂ ತಪ್ಪುತ್ತದೆ.

ಈಗ ಕೆಲಸದ ಇತಿಹಾಸ. ನೀವು ತುಂಬುವ ಗ್ರೀನ್ ಕಾರ್ಡ್ ಅರ್ಜಿ ಐ-485ರಲ್ಲೂ, ಹೆಂಡತಿಗಾಗಿ ನಿಮ್ಮವರು ಹಾಕುವ ಐ-130 ಜೊತೆ ಹೋಗುವ, ನಿಮ್ಮ ವಿವರದ ಐ-130ಎಯಲ್ಲೂ ಕಳೆದ ಐದು ವರ್ಷದ ಕೆಲಸ ಬರೆಯಬೇಕು. ಐದು ವರ್ಷದಲ್ಲಿ ಒಂದು ತಿಂಗಳೂ ಖಾಲಿ ಬಿಡಬೇಡಿ. ಬೆಂಗಳೂರಿನ ಕಂಪನಿಯ ತಾರೀಖುಗಳನ್ನು ನೆನಪಿನಿಂದ ಬರೆಯಬೇಡಿ. ರಿಲೀವಿಂಗ್ ಲೆಟರ್, ಫಾರ್ಮ್ 16, ಪಿಎಫ್ ಪಾಸ್‌ಬುಕ್ ತೆಗೆದು ನೋಡಿ. ನೋಟಿಸ್ ಅವಧಿಯ ಕೊನೆಯ ದಿನವೇ ನಿಮ್ಮ ಕೊನೆಯ ದಿನ. ಕ್ಲೈಂಟ್ ಕಚೇರಿಯಲ್ಲಿ ಕೂತು ಕೆಲಸ ಮಾಡಿದ್ದರೂ ಸಂಬಳ ಕೊಟ್ಟ ಕಂಪನಿಯ ಹೆಸರನ್ನೇ ಬರೆಯಿರಿ. ಆ ಏಳು ತಿಂಗಳು ಮನೆಯಲ್ಲಿದ್ದದ್ದು ಅವಮಾನದ ವಿಷಯವಲ್ಲ. ಅಷ್ಟು ತಿಂಗಳಿಗೆ "ನಿರುದ್ಯೋಗಿ, ತಂದೆ ತಾಯಿಯ ಜೊತೆ ಇದ್ದೆ" ಅಂತ ಬರೆದರೆ ಮುಗಿಯಿತು. ಓದಿದ ಕಾಲಕ್ಕೆ ವಿದ್ಯಾರ್ಥಿ. ಮದುವೆ ಮೇಲಿನ ಅರ್ಜಿಯಲ್ಲಿ ನಿಮ್ಮ ಅನುಭವಕ್ಕೆ ಅಂಕ ಕೊಡುವುದಿಲ್ಲ, ಗ್ಯಾಪ್ ಇದ್ದರೆ ಅಂಕ ಕಳೆಯುವುದೂ ಇಲ್ಲ. ಉದ್ಯೋಗದ ಮೇಲಿನ ಗ್ರೀನ್ ಕಾರ್ಡ್ ಮಾಡಿಸಿದ ಗೆಳೆಯರು ಅನುಭವ ಪತ್ರ, ಹಳೆಯ ಮ್ಯಾನೇಜರ್ ಪತ್ರ ಅಂತ ಹೆದರಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ, ಅದು ಬೇರೆಯೇ ದಾರಿ.

ಅಧಿಕಾರಿ ನೋಡುವುದು ಹೊಂದಾಣಿಕೆ. ಎಫ್-1 ವೀಸಾಗೆ ಡಿಎಸ್-160 ಅನ್ನುವ ಅರ್ಜಿ ತುಂಬಿದಾಗ ಬೆಂಗಳೂರಿನ ಕೆಲಸದ ಬಗ್ಗೆ ಏನು ಬರೆದಿದ್ದಿರಿ? ಓಪಿಟಿ ಕಾಲದಲ್ಲಿ ಕಾಲೇಜಿಗೆ ಯಾವ ಕಂಪನಿ ಅಂತ ತಿಳಿಸಿದ್ದಿರಿ? ಅವೆಲ್ಲ ಸರ್ಕಾರದ ಬಳಿ ಇವೆ. ಅವುಗಳ ಪ್ರತಿ ಇದ್ದರೆ ಪಕ್ಕದಲ್ಲಿಟ್ಟುಕೊಂಡು ತುಂಬಿ. ಹಳೆಯದರಲ್ಲಿ ತಪ್ಪಿದ್ದರೆ ಈಗ ಸರಿಯಾದದ್ದು ಬರೆದು, ಹಿಂದಿನದು ಹೇಗೆ ತಪ್ಪಾಯಿತು ಅಂತ ಕೊನೆಯ ಹೆಚ್ಚುವರಿ ಮಾಹಿತಿಯ ಭಾಗದಲ್ಲಿ ವಿವರಿಸಿ. ನಿಮ್ಮವರೂ ಐ-130ರಲ್ಲಿ ತಮ್ಮ ಐದು ವರ್ಷದ ಕೆಲಸ ಬರೆಯಬೇಕು. ಅವರ ನಿರುದ್ಯೋಗದ ತಿಂಗಳುಗಳು ಅಲ್ಲಿ ಬಂದು, ಐ-864ರ ವಿವರಣೆಯ ಜೊತೆ ತಾಳೆಯಾಗಬೇಕು.

ಇನ್ನು ದಿನಸಿ ಅಂಗಡಿ. ಓಪಿಟಿ ಮುಗಿದ ಮೇಲೆ ಮಾಡಿದ ಕೆಲಸ ಅನುಮತಿಯಿಲ್ಲದ ಕೆಲಸವೇ. ಓಪಿಟಿ ನಂತರ ಸಿಗುವ 60 ದಿನ ಹೊರಡಲು ಸಿದ್ಧವಾಗುವುದಕ್ಕೆ, ದುಡಿಯುವುದಕ್ಕಲ್ಲ. ಐ-485ರಲ್ಲಿ ನೇರ ಪ್ರಶ್ನೆಯೇ ಇದೆ: ಎಂದಾದರೂ ಅಮೆರಿಕದಲ್ಲಿ ಅನುಮತಿಯಿಲ್ಲದೆ ಕೆಲಸ ಮಾಡಿದ್ದೀರಾ? ನಿಮ್ಮ ಉತ್ತರ ಹೌದು.

ಈ "ಹೌದು"ಗೆ ನೀವು ಇಷ್ಟು ಹೆದರಬೇಕಾಗಿಲ್ಲ, ಯಾಕೆ ಅಂತ ಹೇಳುತ್ತೇನೆ. ಪ್ರಜೆಯ ಗಂಡ ಅಥವಾ ಹೆಂಡತಿಯನ್ನು ಕಾನೂನು ಅತಿ ಹತ್ತಿರದ ಸಂಬಂಧಿ ಅಂತ ಪರಿಗಣಿಸುತ್ತದೆ. ವೀಸಾ ಮೇಲೆ ಸರಿಯಾಗಿ ತಪಾಸಣೆಯಾಗಿ ದೇಶದೊಳಗೆ ಬಂದ ಇಂಥವರಿಗೆ, ಅನುಮತಿಯಿಲ್ಲದೆ ಕೆಲಸ ಮಾಡಿದ್ದು, ಅವಧಿ ಮೀರಿ ಉಳಿದದ್ದು ಇವೆರಡೂ ಇಲ್ಲೇ ಇದ್ದು ಗ್ರೀನ್ ಕಾರ್ಡ್ ಪಡೆಯಲು ಅಡ್ಡಿಯಲ್ಲ. ನೀವು ಎಫ್-1 ಮೇಲೆ ಬಂದವರು, ಹಾಗಾಗಿ ಈ ರಿಯಾಯಿತಿ ನಿಮಗಿದೆ. ನಿಮ್ಮವರಿಗೆ ಗ್ರೀನ್ ಕಾರ್ಡ್ ಮಾತ್ರ ಇದ್ದಿದ್ದರೆ ಇದೇ ಎರಡು ತಿಂಗಳು ನಿಮ್ಮ ಅರ್ಜಿಯನ್ನೇ ಮುಳುಗಿಸುತ್ತಿತ್ತು. ಆ ವ್ಯತ್ಯಾಸ ಗೊತ್ತಿಲ್ಲದೆಯೇ ಎಷ್ಟೋ ಜನ ಒಬ್ಬರ ಸಲಹೆಯನ್ನು ಇನ್ನೊಬ್ಬರಿಗೆ ಕೊಡುತ್ತಾರೆ.

ಗೆಳತಿ ಹೇಳಿದಂತೆ "ಇಲ್ಲ" ಅಂತ ಗುರುತು ಹಾಕಿದಿರಿ ಅಂತಿಟ್ಟುಕೊಳ್ಳಿ. ಫಾರ್ಮ್‌ಗೆ ನೀವು ಸಹಿ ಹಾಕುವುದು ಸುಳ್ಳಾದರೆ ಶಿಕ್ಷೆಗೆ ಒಳಪಡುತ್ತೇನೆ ಅನ್ನುವ ಮಾತಿನ ಕೆಳಗೆ. ಸಂದರ್ಶನದಲ್ಲಿ ಪ್ರಮಾಣ ಮಾಡಿಸಿ ಅದೇ ಪ್ರಶ್ನೆ ಕೇಳುತ್ತಾರೆ. ಕ್ಷಮಿಸಿಬಿಡಬಹುದಾಗಿದ್ದ ಎರಡು ತಿಂಗಳ ಕೆಲಸವನ್ನು ನೀವೇ ಸುಳ್ಳಾಗಿ ಬದಲಿಸಿದಂತಾಗುತ್ತದೆ. ವಲಸೆ ಲಾಭಕ್ಕಾಗಿ ಮುಖ್ಯ ವಿಷಯದಲ್ಲಿ ಸುಳ್ಳು ಹೇಳಿದರು ಅಂತ ತೀರ್ಮಾನವಾದರೆ ಆ ಅನರ್ಹತೆಗೆ ಕಾಲದ ಮಿತಿಯೇ ಇಲ್ಲ. ಮನ್ನಾ ಕೇಳಲು ಐ-601 ಅಂತ ಬೇರೆ ಅರ್ಜಿ ಇದೆ, ಅದು ಸಿಗಬೇಕಾದರೆ ನಿಮ್ಮವರಿಗೆ ತೀವ್ರ ಕಷ್ಟವಾಗುತ್ತದೆ ಅಂತ ಸಾಬೀತು ಮಾಡಬೇಕು. ಗೆಳತಿ ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಫಲ ಅನುಭವಿಸುವವರು ನೀವು.

ಒಂದು ವಿಷಯ ಮಾತ್ರ ಚೆನ್ನಾಗಿ ನೆನಪು ಮಾಡಿಕೊಳ್ಳಿ. ಅಂಗಡಿಯವರು ಐ-9 ಅನ್ನುವ, ಕೆಲಸ ಮಾಡಲು ಅನುಮತಿ ಇದೆಯಾ ಅಂತ ನೋಡುವ ಕಾಗದಕ್ಕೆ ನಿಮ್ಮಿಂದ ಸಹಿ ಹಾಕಿಸಿದ್ದರಾ? ಅದರಲ್ಲಿ "ಅಮೆರಿಕದ ಪ್ರಜೆ" ಅನ್ನುವ ಚೌಕದಲ್ಲಿ ಗುರುತು ಹಾಕಿದ್ದಿರಾ? ನಗದು ಕೊಟ್ಟಿದ್ದಾರೆ ಅಂದಮೇಲೆ ಬಹುಶಃ ಇರಲಿಕ್ಕಿಲ್ಲ. ಹಾಕಿದ್ದರೆ ಮಾತ್ರ ಅರ್ಜಿ ಕಳಿಸುವ ಮೊದಲೇ ವಕೀಲರ ಮುಂದೆ ಕೂರಬೇಕು. ನಾನು ಪ್ರಜೆ ಅಂತ ಸುಳ್ಳು ಹೇಳುವುದಕ್ಕೆ ಗ್ರೀನ್ ಕಾರ್ಡ್ ಕೇಳುವವರಿಗೆ ಸಾಮಾನ್ಯವಾಗಿ ಮನ್ನಾ ಇಲ್ಲ. ಮದುವೆಯೂ ಅದನ್ನು ಅಳಿಸುವುದಿಲ್ಲ.

ಅಂಗಡಿಯ ಹೆಸರು, ವಿಳಾಸ, ಶುರುವಾದ ದಿನ, ಮುಗಿದ ದಿನ, ಬಿಲ್ಲಿಂಗ್ ಕೆಲಸ ಅಂತ ಇತಿಹಾಸದಲ್ಲಿ ಬರೆಯಿರಿ. ಕೊನೆಯ ಹೆಚ್ಚುವರಿ ಭಾಗದಲ್ಲಿ ಎರಡು ಮೂರು ನೇರ ವಾಕ್ಯ ಸಾಕು, ದೀನವಾಗಿ ಬೇಡಿಕೊಳ್ಳುವ ಪತ್ರ ಬೇಡ. ಆ ನಗದನ್ನು ಆ ವರ್ಷದ ಟ್ಯಾಕ್ಸ್ ರಿಟರ್ನ್‌ನಲ್ಲಿ ತೋರಿಸಿ ತೆರಿಗೆ ಕಟ್ಟಿ. ಐ-864ರ ಆದಾಯಕ್ಕೆ ಮಾತ್ರ ಅದನ್ನು ಸೇರಿಸಬೇಡಿ, ಅನುಮತಿಯಿಲ್ಲದ ದುಡಿಮೆ ಅಲ್ಲಿ ನಡೆಯುವುದಿಲ್ಲ. ಮತ್ತೆ ಆ ಅಂಗಡಿಗಾಗಲಿ ಬೇರೆ ಕಡೆಗಾಗಲಿ, ವರ್ಕ್ ಪರ್ಮಿಟ್ ಕೈಗೆ ಬರುವವರೆಗೆ ಕೆಲಸಕ್ಕೆ ಹೋಗಬೇಡಿ. ಐ-485 ಜೊತೆಗೇ ವರ್ಕ್ ಪರ್ಮಿಟ್ ಅರ್ಜಿ ಐ-765 ಹಾಕಬಹುದು. 2024ರ ಏಪ್ರಿಲ್‌ನಿಂದ ಅದಕ್ಕೆ ಬೇರೆಯಾಗಿ 260 ಡಾಲರ್ ಶುಲ್ಕ ಇದೆ, ಕಟ್ಟಿ. ಮನೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಆನ್‌ಲೈನ್ ಕೆಲಸ ಮಾಡಬಹುದಲ್ವಾ ಅಂತ ನಿಮಗೆ ಅನ್ನಿಸಬಹುದು. ನೀವು ಕೂತಿರುವುದು ಅಮೆರಿಕದಲ್ಲಿ. ವಕೀಲರನ್ನು ಕೇಳದೆ ಅದಕ್ಕೂ ಕೈಹಾಕಬೇಡಿ.

ನಿಮ್ಮ ವೀಸಾ ಸ್ಥಿತಿ ಈಗ ಮುಗಿದಿದೆ. ಕಾನೂನು ಗ್ರೀನ್ ಕಾರ್ಡ್‌ಗೆ ದಾರಿ ಕೊಟ್ಟಿದೆ ನಿಜ, ಆದರೆ ಅರ್ಜಿ ಬಾಕಿ ಇರುವುದೇ ಪೂರ್ತಿ ರಕ್ಷಣೆಯಲ್ಲ. 2025ರಿಂದ ಗಾಳಿ ಬಿಗಿಯಾಗಿದೆ. ಅರ್ಜಿ ತಿರಸ್ಕಾರವಾಗಿ ಸ್ಥಿತಿಯೂ ಇಲ್ಲದವರಿಗೆ ಗಡೀಪಾರು ಪ್ರಕ್ರಿಯೆಯ ನೋಟಿಸ್ ಕೊಡುವ ನೀತಿ ಬಂದಿದೆ. ಅವಧಿ ಮೀರಿದ ಕೆಲವು ಸಂಗಾತಿಗಳನ್ನು ಸಂದರ್ಶನಕ್ಕೆ ಬಂದಾಗಲೇ ತಡೆಹಿಡಿದದ್ದೂ ಆ ವರ್ಷದ ಕೊನೆಯಲ್ಲಿ ಸ್ಯಾನ್ ಡಿಯಾಗೊದಿಂದ ವರದಿಯಾಯಿತು. ಹೆದರಿಸಲು ಹೇಳುತ್ತಿಲ್ಲ. ನೀವು ಈ ಅರ್ಜಿಯನ್ನು ಸ್ವಂತವಾಗಿ ಹಾಕದೆ, ಎಲ್ಲ ವಿಷಯ, ಅಂಗಡಿಯದೂ ಸೇರಿ, ವಲಸೆ ವಕೀಲರಿಗೆ ಹೇಳಿ ಅವರ ಜೊತೆ ಹಾಕಬೇಕು ಅನ್ನುವುದಕ್ಕೆ ಹೇಳುತ್ತಿದ್ದೇನೆ. ಸಂದರ್ಶನಕ್ಕೂ ಅವರು ಜೊತೆಗಿರಲಿ. ಅಡ್ವಾನ್ಸ್ ಪೆರೋಲ್ (ಹೋಗಿ ವಾಪಸ್ ಬರಲು ಮೊದಲೇ ಪಡೆಯುವ ಅನುಮತಿ) ಇಲ್ಲದೆ ಊರಿಗೆ ಹೊರಟರೆ ಐ-485 ಕೈಬಿಟ್ಟಂತೆ. ದಸರಾ ಇರಲಿ, ತಂಗಿಯ ಮದುವೆ ಇರಲಿ, ವಕೀಲರನ್ನು ಕೇಳದೆ ಟಿಕೆಟ್ ಬುಕ್ ಮಾಡಬೇಡಿ.

ಗ್ರೀನ್ ಕಾರ್ಡ್ ಕೊಡುವ ದಿನ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಎರಡು ವರ್ಷದ ಷರತ್ತಿನ ಕಾರ್ಡ್. ಅದರ ಅವಧಿ ಮುಗಿಯುವ ಮುಂಚಿನ 90 ದಿನದಲ್ಲಿ ಷರತ್ತು ತೆಗೆಸುವ ಅರ್ಜಿ ಐ-751 ಹಾಕಬೇಕು. ಆಗ ಮತ್ತೆ ಐ-864 ಕೇಳುವುದಿಲ್ಲ, ಭಾವನ ಬಳಿ ಎರಡನೇ ಸಲ ಹೋಗಬೇಕಾಗಿಲ್ಲ. ಕೇಳುವುದು ಸಂಸಾರದ ಗುರುತು: ಜಂಟಿ ಖಾತೆ, ಇಬ್ಬರ ಹೆಸರಿನ ಬಾಡಿಗೆ ಕರಾರು, ಒಟ್ಟಿಗೆ ಹಾಕಿದ ರಿಟರ್ನ್. ಇವನ್ನು ಈಗಿನಿಂದಲೇ ಕೂಡಿಡಿ.

ಮೊದಲು ನಿಮ್ಮವರಿಗೆ ಅಂಗಡಿಯ ವಿಷಯ ಹೇಳಿ. ಯಾರಿಗೂ ಹೇಳಿಲ್ಲ ಅಂದಿರಿ, ಅದರಲ್ಲಿ ಅವರೂ ಸೇರಿದ್ದಾರೆ ಅಂತ ಕಾಣುತ್ತದೆ. ಸಂದರ್ಶನದ ಕೋಣೆಯಲ್ಲಿ ಅಧಿಕಾರಿಯ ಬಾಯಿಂದ ಅವರು ಅದನ್ನು ಮೊದಲ ಸಲ ಕೇಳಬಾರದು. ಇವತ್ತು ರಾತ್ರಿ ಊಟ ಆದ ಮೇಲೆ ಹೇಳಿ. ನಾಳೆ ಅವರು ಎಚ್‌ಆರ್‌ಗೆ ಕೆಲಸದ ಪತ್ರಕ್ಕೆ ಬರೆಯಲಿ, ನೀವು ಬೆಂಗಳೂರಿನ ರಿಲೀವಿಂಗ್ ಲೆಟರ್ ಹುಡುಕಿ.